ದುರ್ಗಿಗುಡಿಯ ರಾಷ್ಟ್ರೀಯ ಮಂಡಳಿ

ಮೊನ್ನೆ ಶಿವಮೊಗ್ಗ ಬಸ್ ಸ್ಟ್ಯಾಂಡಿನ ಎದುರು ಕಾಫಿ ಕುಡಿಯುತ್ತಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ, ಹುಡುಗಿ ಬಂದು, "ಅಂಕಲ್, ಈ ಊರಲ್ಲಿ ನೋಡೋಕೆ ಏನಿದೆ?" ಎಂದರು. ಶಿವಮೊಗ್ಗದವರು ಇದಕ್ಕೆ ಯೋಚಿಸಬೇಕಾಗಿಲ್ಲ, ನೋಡಿ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಇಲ್ಲೇನಿದೆ? ಜೋಗಕ್ಕೆ ಹೋಗಿ." ನಾನೂ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ನೆನಪಾದ.

ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ಕಾರ್ಖಾನೆಯೊಂದರಿಂದ ಸ್ವಯಂನಿವೃತ್ತಿ ಪಡೆದ ಚಿಕ್ಕಪ್ಪ, ಬಂದ ದುಡ್ಡನ್ನೆಲ್ಲ ಸುರಿದು ಇಲ್ಲೇ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಣ್ಣ ಲಾಡ್ಜ್ ತೆರೆದಿದ್ದ. ಪ್ರವಾಸಿಗರೇನೋ ಬರುತ್ತಿದ್ದರು, ಬಸ್ ಬದಲಿಸಿ ಜೋಗಕ್ಕೆ ಹೋಗಿಬಿಡುತ್ತಿದ್ದರು. ನಮ್ಮ ಮಂಚಗಳ ಚಾದರ ಸುಕ್ಕಾಗುತ್ತಲೇ ಇರಲಿಲ್ಲ. ಪ್ರವಾಸೋದ್ಯಮ ಬೆಳೆಸಲು ದೆಹಲಿಯಲ್ಲಿ ರಾಷ್ಟ್ರಮಟ್ಟದ ಮಂಡಳಿಯೊಂದು ಬರಬೇಕೆಂದು ಯಾರೋ ಪೇಪರಿನಲ್ಲಿ ಬರೆದಿದ್ದರು. ಅದನ್ನೋದಿ ಚಿಕ್ಕಪ್ಪ ಎದ್ದು ನಿಂತ.

"ದೆಹಲಿಯೋರು ಮಾಡೋವರ್ಗೂ ನಾವ್ಯಾಕೆ ಕಾಯ್ಬೇಕು ಮಾರಾಯ? ನಾನು ಅಧ್ಯಕ್ಷ, ನೀನು ಕಾರ್ಯದರ್ಶಿ."

ಇಡೀ ರಾಷ್ಟ್ರಕ್ಕೆ ಇಬ್ಬರು ಸಾಕೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಖಜಾಂಚಿ ನಿನ್ನ ಚಿಕ್ಕಮ್ಮ" ಎಂದ. ಒಳಗಿನಿಂದ ಚಿಕ್ಕಮ್ಮ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ತಗಡಿನ ಬೋರ್ಡು ತಯಾರಾಯಿತು. 'ರಾಷ್ಟ್ರೀಯ' ಎಂಬುದು ದೊಡ್ಡದಾಗಿ, 'ದುರ್ಗಿಗುಡಿ' ಚಿಕ್ಕದಾಗಿ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ನಾನು ಕಾರ್ಯದರ್ಶಿಯೆಂದು ಎದೆಯುಬ್ಬಿಸಿದ್ದೂ ನಿಜ. ಕೂತು ಯೋಜನೆ ಹಾಕಿದೆವು: ಬೆಳಿಗ್ಗೆ ತುಂಗೆ ಭದ್ರೆ ಸೇರುವ ಕೂಡಲಿ, ಮಧ್ಯಾಹ್ನ ಚಿಕ್ಕಮ್ಮನ ಕಡುಬು, ಸಂಜೆ ಭದ್ರಾವತಿಯ ಹಳೆಯ ನರಸಿಂಹ ದೇವಸ್ಥಾನ. ಇನ್ನು ಜನ ಬರಬೇಕಿತ್ತು, ಅಷ್ಟೇ.

ಆ ಮಳೆಗಾಲದಲ್ಲಿ ನಾಗಪುರದ ಗಂಡ ಹೆಂಡತಿ ಬಂದೇಬಿಟ್ಟರು. ಒಂದೇ ದಿನ ಬಿಡುವಿದೆ, ಇಲ್ಲಿ ಏನು ನೋಡಬಹುದು ಎಂದು ಹಿಂದಿಯಲ್ಲಿ ಕೇಳಿದರು. ಅಧ್ಯಕ್ಷ ಕಾದಿದ್ದೇ ಈ ಪ್ರಶ್ನೆಗೆ. ಬಾಯಿ ತೆರೆದವನು ಹೊರಗೆ ಸುರಿಯುವ ಮಳೆ ನೋಡಿದ. ತನ್ನ ಹರಕುಮುರುಕು ಹಿಂದಿಯಲ್ಲಿ, ಇಲ್ಲೇನೂ ಇಲ್ಲ ಸ್ವಾಮಿ, ಜೋಗಕ್ಕೆ ನೀರು ಬಿಟ್ಟಿದ್ದಾರೆ, ಈಗಲೇ ಹೊರಡಿ ಎಂದ. ಅವರ ಚೀಲ ತಾನೇ ಹೊತ್ತು ಬಸ್ ಹತ್ತಿಸಿಯೂ ಬಂದ!

"ಅಧ್ಯಕ್ಷರೇ, ಅಪರೂಪಕ್ಕೆ ಬಂದೋರನ್ನೂ ಕಳ್ಸಿಬಿಟ್ರಲ್ಲ!" ಎಂದಳು ಚಿಕ್ಕಮ್ಮ.

"ಅಷ್ಟು ದೂರದಿಂದ ಬಂದೋರು ಕಣೇ. ಜೋಗ ನೋಡ್ದೆ ಹೋದ್ರೆ ಆ ಪಾಪ ನಂಗೆ ಸುತ್ಕೊಳ್ಳುತ್ತೆ."

ನಗುತ್ತಲೇ ಹೇಳಿದ. ಆಮೇಲೆ ಖಾಲಿ ರೂಮಿನ ಮಂಚದ ಮೇಲೆ ಕೂತು, "ಇಲ್ಲೇನೂ ಇಲ್ಲ ಅಂತ ನನ್ನ ಬಾಯಲ್ಲೇ ಬಂತಲ್ಲೋ" ಎಂದ. ಆ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ. ಬಂದವರಿಗೆ ಇದ್ದುದರಲ್ಲಿ ಒಳ್ಳೆಯದನ್ನೇ ಬಡಿಸುವುದು ನಮ್ಮ ರೂಢಿ. ಅದು ಪಕ್ಕದ ಮನೆಯಲ್ಲಿದ್ದರೆ ಅಲ್ಲಿಗೇ ಕಳಿಸಿಕೊಡುತ್ತೇವೆ. ಇಂಥವನ ಲಾಡ್ಜ್ ಉಳಿಯುವುದುಂಟೇ? ಮುಚ್ಚಿತು. ಚಿಕ್ಕಪ್ಪನೂ ಹೋಗಿ ಬಹಳ ವರ್ಷವಾಯಿತು. ಮಂಡಳಿಯನ್ನು ಮಾತ್ರ ಯಾರೂ ವಿಸರ್ಜಿಸಲಿಲ್ಲ.

ಕಾಫಿ ಲೋಟ ಕೆಳಗಿಟ್ಟೆ. "ಜೋಗ ನಾಳೆ ನೋಡಿ, ಅದೆಲ್ಲಿಗೂ ಹೋಗಲ್ಲ. ಇವತ್ತು ಕೂಡಲಿಗೆ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ.

ಹುಡುಗಿ ಅನುಮಾನದಿಂದ ನೋಡಿದಳು. "ಅಂಕಲ್, ನೀವು ಗೈಡಾ?"

"ಅಲ್ಲಮ್ಮ," ಎಂದೆ, "ಕಾರ್ಯದರ್ಶಿ."