ಆನೆ ಪುಟ ನೋಡುತ್ತಿದ್ದವರು

ಪರಿಚಯದ ಹೆಂಗಸೊಬ್ಬರು ಕಾಫಿ ಕೊಯ್ಲಿಗೆ ಹೋದಾಗ ಆನೆ ತುಳಿದು ತೀರಿಕೊಂಡರು. ಆ ವರ್ಷ ನಾನೊಂದು ವೆಬ್ ಪುಟ ಮಾಡಿದೆ. ಯಾವ ತೋಟದಲ್ಲಿ ಆನೆ ಕಂಡಿತೆಂದು ಯಾರಾದರೂ ತಿಳಿಸಿದರೆ ಅದರಲ್ಲಿ ಹಾಕುತ್ತಿದ್ದೆ. ಗೋಣಿಕೊಪ್ಪಲಿನಲ್ಲಿ ಅಂಗಡಿಯ ಮೇಲಿನ ಬಾಡಿಗೆ ಮನೆ. ಗಂಡ ಹೋದ ಮೇಲೆ, ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಮಾತಾಡಲು ಯಾರೂ ಇರಲಿಲ್ಲ.

ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಪುಟದ ಪ್ರೋಗ್ರಾಂ ಓಡುತ್ತಿತ್ತು. ಅದು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದುದರಿಂದ ಒಂದು ಭಾನುವಾರ ಅದೇ ಕಂಪ್ಯೂಟರಿನಲ್ಲಿ ಅದರ ಮುಂದೆ ವೆಬ್ ಸರ್ವರ್ ಎಂಬ ಇನ್ನೊಂದು ಪ್ರೋಗ್ರಾಂ ಇಟ್ಟೆ. ಹೊರಗಿನವರು ಪುಟ ಕೇಳಿದರೆ ಸರ್ವರ್ ಅದನ್ನು ಹಿಂದಿರುವ ಪ್ರೋಗ್ರಾಂಗೆ ದಾಟಿಸಬೇಕು, ಉತ್ತರ ತಂದು ಕೊಡಬೇಕು. ಹತ್ತು ಸಾಲು ಬರೆಯಲು ಇಡೀ ದಿನ ಹಿಡಿಯಿತು.

ಪುಟ ಯಾರು ನೋಡುತ್ತಾರೆಂದು ಪ್ರೋಗ್ರಾಂ ಬರೆದಿಡುವಂತೆಯೂ ಅಂದೇ ಮಾಡಿದ್ದೆ. ಮರುದಿನದಿಂದ ಆ ಪಟ್ಟಿಯಲ್ಲಿ ಒಂದೇ ಇಂಟರ್ನೆಟ್ ವಿಳಾಸ, ನನ್ನ ಕಂಪ್ಯೂಟರಿನದು. ವಾರವಿಡೀ ಹಾಗೇ. ನಾನೇ ಹಾಕಿ ನಾನೇ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡೆ. ನಿಲ್ಲಿಸಿಬಿಡುವ ಮನಸ್ಸೂ ಆಯಿತು.

ಆಮೇಲೊಂದು ಬೆಳಿಗ್ಗೆ, ಹಿಂದೆಂದೂ ಮಾತಾಡಿರದ ಒಬ್ಬ ಎಸ್ಟೇಟ್ ರೈಟರ್ ಫೋನ್ ಮಾಡಿ ತಮ್ಮ ತೋಟದ ಹೆಸರು ಹೇಳಿದರು. ಕೂಲಿಯಾಳುಗಳ ಲೆಕ್ಕ, ಹಾಜರಿ ನೋಡಿಕೊಳ್ಳುವವರು.

"ಮೇಡಂ, ನಿಮ್ಮ ಪೇಜು ಓಪನ್ ಆಗ್ತಾ ಇಲ್ಲ. ಕಾಫಿ ಪಿಕಿಂಗ್‌ನವ್ರು ಲೈನ್ ಮನೆ ಹತ್ರ ಹೊರಟು ನಿಂತಿದ್ದಾರೆ. ಕೆರೆ ಬ್ಲಾಕಿಗೆ ಕಳಿಸ್ಬಹುದಾ?"

"ಬೇಡ. ನಿನ್ನೆ ಸಂಜೆ ಅಲ್ಲಿ ಮೂರು ಆನೆ ಇದ್ವಂತೆ."

"ಹಾಗಾದ್ರೆ ಮೇಲಿನ ಬ್ಲಾಕಿಗೆ ಕಳಿಸ್ತೀನಿ. ದಿನಾ ನೋಡೇ ಕಳಿಸೋದು ಮೇಡಂ, ಅದಕ್ಕೇ ಕೇಳ್ದೆ."

ದಿನಾ ಅಂದರು. ಫೋನ್ ಇಟ್ಟು ಕಂಪ್ಯೂಟರಿನ ಮುಂದೆ ಕೂತೆ.

ಪುಟದ ಜಾಗದಲ್ಲಿ 502 ಎಂಬ ಸಂಖ್ಯೆ ಬರುತ್ತಿತ್ತು. ಸರ್ವರ್ ಎದ್ದಿದೆ, ಹಿಂದಿನ ಪ್ರೋಗ್ರಾಂ ಸಿಗುತ್ತಿಲ್ಲ ಎಂದರ್ಥ. ಕರೆಂಟು ಹೋಗಿ ಬಂದಿತ್ತು. ಆ ಭಾನುವಾರ ನಾನು ಪ್ರೋಗ್ರಾಂನ ಪೋರ್ಟ್ ಸಂಖ್ಯೆ, ಅಂದರೆ ಕಂಪ್ಯೂಟರಿನೊಳಗೆ ಅದು ಸಿಗುವ ಬಾಗಿಲಿನ ನಂಬರು, ಬದಲಿಸಿದ್ದೆ. ಈಗ ಅದು ಹಳೆಯ ಸಂಖ್ಯೆಯಲ್ಲೇ ಶುರುವಾಗಿತ್ತು, ಸರ್ವರ್ ನಾನು ಹೇಳಿಕೊಟ್ಟ ಹೊಸ ಸಂಖ್ಯೆಯಲ್ಲಿ ಅದನ್ನು ಹುಡುಕುತ್ತಿತ್ತು. ಆ ಬದಲಾವಣೆಯನ್ನು ಕಾಯಂ ಮಾಡಿಡಲು ನಾನೇ ಮರೆತಿದ್ದೆ. ಸರಿಪಡಿಸಿದೆ. ಪುಟ ತೆರೆಯಿತು.

ಅವರ ಮಾತು ನಿಜವಾದರೆ ನನ್ನ ಪಟ್ಟಿ ತಪ್ಪಿರಬೇಕು. ಸರ್ವರಿನ ಕೈಪಿಡಿ ಮತ್ತೆ ಓದಿದಾಗ ಗೊತ್ತಾಯಿತು: ಬಂದವರ ವಿಳಾಸವನ್ನೂ ದಾಟಿಸು ಎಂದು ಹೇಳದಿದ್ದರೆ ಸರ್ವರ್ ಪ್ರೋಗ್ರಾಂಗೆ ತನ್ನದೇ ವಿಳಾಸ ಕೊಡುತ್ತದೆ. ಎಲ್ಲರೂ ನಾನಾಗಿ ಕಾಣಿಸಿದ್ದು ಹಾಗೆ. ಆ ಸಾಲು ಸೇರಿಸಿದೆ, ಪ್ರೋಗ್ರಾಂ ಅದನ್ನು ಓದುವಂತೆ ಮಾಡಿದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಪಟ್ಟಿ ತುಂಬತೊಡಗಿತು. ಒಂದರ ಕೆಳಗೊಂದು ಬೇರೆ ಬೇರೆ ವಿಳಾಸ. ಕಾಫಿ ಆರಿಹೋಗುವವರೆಗೂ ನೋಡುತ್ತಾ ಕುಳಿತೆ. ಯಾರಿಗಾದರೂ ಹೇಳಬೇಕೆನಿಸಿತು. ಆ ರೈಟರಿಗೇ ಫೋನ್ ಮಾಡಿದೆ.

"ಪೇಜು ಸರಿಯಾಗಿದ್ಯಾ?"

"ಸರಿಯಾಗಿದೆ ಮೇಡಂ. ಥ್ಯಾಂಕ್ಸ್. ಹಾಜರಿ ತಗೊಳ್ತಾ ಇದ್ದೀನಿ, ಇಡ್ಲಾ?"

"ಹ್ಞೂಂ, ಇಡಿ" ಅಂದೆ. ಪಟ್ಟಿ ತುಂಬಿದ್ದನ್ನು ಹೇಳಲೇ ಇಲ್ಲ. ಕಾಲೇಜಿಗೆ ಹೊತ್ತಾಗಿತ್ತು, ಸೀರೆ ಉಟ್ಟು ಬಾಗಿಲಿಗೆ ಬೀಗ ಹಾಕಿದೆ.