ಮೂರನೆಯ ಸಾಲಿಗೆ ಬಿಟ್ಟ ಜಾಗ

ಇಪ್ಪತ್ತು ವರ್ಷಗಳ ಹಿಂದೆ, ಹೈದರಾಬಾದಿನ ನಾಚಾರಂನಲ್ಲಿ ಏಳುತ್ತಿದ್ದ ಒಂದು ಗೋದಾಮಿನ ಎದುರು ನಿಂತು, ಪ್ರಫುಲ್ಲಾ ಮೇಡಂ ಅವರು ಗಾರೆ ಹೊರುವ ಬಂಡೆಮ್ಮನಿಗೆ ಮಾತು ಕೊಟ್ಟರು: "ಐತವಾರ ಬರ್ತೀನ್ರಿ. ಹಾಡಿನ ಮೂರೂ ಸಾಲು ಬರಕೊಂಡು ನಿಮ್ಮ ಹೆಸರ್ಲೇ ಅಚ್ಚು ಹಾಕಸ್ತೀನಿ."

ಹೈದರಾಬಾದಿನಲ್ಲಿ ಕನ್ನಡ ಕಾವ್ಯದ ಪ್ರಾಸವನ್ನು ಮಕ್ಕಳ ಕಿವಿಗೆ ದಾಟಿಸಿದವರಲ್ಲಿ ಮೇಡಂ ಅವರದು ಮುಂಚೂಣಿಯ ಹೆಸರು. ರಕ್ಷಣಾ ಕಾರ್ಖಾನೆಯ ನೌಕರರಾಗಿದ್ದ ಪತಿಯೊಡನೆ ಧಾರವಾಡದಿಂದ ಬಂದು ನಮ್ಮ ಕನ್ನಡ ಶಾಲೆ ಸೇರಿದ ಅವರು, ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿಯಲ್ಲೇ ವ್ಯವಹರಿಸುವ ಮಕ್ಕಳಿಗೆ ಮೂವತ್ತು ವರ್ಷ ಪದ್ಯ ಓದಿಸಿದರು. ತೊದಲುತ್ತಿದ್ದ ಮಿಲಿಂದನಿಗೆ, ಸಾಲಿನ ಎರಡನೆಯ ಅಕ್ಷರ ಯಾವುದೆಂದು ಮೊದಲೇ ತಿಳಿದಿದ್ದರೆ ನಾಲಿಗೆ ಹೆದರುವುದಿಲ್ಲ ಎಂದು ತೋರಿಸಿ, ಒಂದು ವರ್ಷ ಊಟದ ಬಿಡುವನ್ನೆಲ್ಲ ಅವನಿಗೇ ಕೊಟ್ಟರು. ಅವನೀಗ ಔಷಧ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಜೋರಾಗಿಯೇ ಮಾತಾಡುತ್ತಾನೆ.

ಇಂಥವರಿಂದ ಒಂದು ತಪ್ಪಾಯಿತು. ತರಗತಿಯಲ್ಲಿ ಪ್ರಾಸವಿರುವ ಪದ್ಯ ಬರೆಯಿರಿ ಎಂದಾಗ, ಬಂಡೆಮ್ಮನ ಮಗಳು ರೇಣುಕಾ ತಾಯಿಯ ಹಾಡನ್ನು ಗದ್ಯದಂತೆ ಒಂದೇ ಸಮನೆ ಬರೆದುಕೊಟ್ಟಳು. ಸಾಲು ಒಡೆದಿರದ ಕಾರಣ ಎರಡನೆಯ ಅಕ್ಷರ ಕಣ್ಣಿಗೆ ಬೀಳದೆ, ಮೇಡಂ ಅವಸರದಲ್ಲಿ ಕೊನೆಯ ಪದಗಳ ಮೇಲಷ್ಟೇ ಕಣ್ಣಾಡಿಸಿ, ಕೆಂಪು ಶಾಯಿಯಲ್ಲಿ 'ಪ್ರಾಸವಿಲ್ಲ' ಎಂದು ಬರೆದು ಸೊನ್ನೆ ಹಾಕಿದರು. ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲು ಗೋದಾಮಿಗೆ ಹೋದ ಮೇಡಂ ಅವರನ್ನು ಬಂಡೆಮ್ಮ ನಗುತ್ತಲೇ ತರಾಟೆಗೆ ತೆಗೆದುಕೊಂಡಳು.

"ಟೀಚರಮ್ಮಾರ, ನೀವು ಬಾಲ ಮುಟ್ಟಿ ದನ ಗುರ್ತ ಹಿಡ್ಯಾಕತ್ತೀರಿ. ಮುಂದ ಬಂದು ಮಾರಿ ನೋಡ್ರಿ."

ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ಬುಟ್ಟಿ ದಾಟಿಸುತ್ತ ಹಾಡಿದರು:

ಕಲ್ಲು ಹೊತ್ತಾಕಿ ತಲಿಮ್ಯಾಲ ಸಿಂಬ್ಯಾಗ
ಮಲ್ಲಿಗಿ ದಂಡಿ ನಗತೈತಿ

ಕಲ್ಲು, ಮಲ್ಲಿಗೆ: ಪ್ರಾಸದ 'ಲ್ಲ' ಸಾಲಿನ ಮೊದಲಲ್ಲೇ ಕೂತಿತ್ತು, ಅದು ಕೇಳಿಸಿದೊಡನೆ ಮುಂದಿನವಳ ಕೈ ಚಾಚುತ್ತಿತ್ತು. ತಾವು ಪುಸ್ತಕದಿಂದ ಕಲಿಸುತ್ತಿದ್ದ ನಿಯಮ ಇಲ್ಲಿ ಬುಟ್ಟಿ ಎತ್ತುತ್ತಿದ್ದುದನ್ನು ಮೇಡಂ ನಿಂತು ನೋಡಿದರು. ತ್ರಿಪದಿಯ ಮೂರನೆಯ ಸಾಲು ಕೇಳಿದಾಗ ಬಂಡೆಮ್ಮ ಈಗಿಲ್ಲವೆಂದು ತಲೆಯಾಡಿಸಿದಳು. "ಅದು ಸ್ಲ್ಯಾಬ್ ಮುಗಿದು ಕಡೀ ಬುಟ್ಟಿ ಸುರಿಯೂವಾಗ ಹಾಡೂದ್ರಿ. ಐತವಾರ ಬರ್ರಿ."

ಆ ಭಾನುವಾರ ಮೇಡಂ ಹೋಗಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತರು. ಮಂಗಳವಾರ ಹೋದಾಗ ಮುಗಿದ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಿದ್ದರು, ಕೂಲಿಯವರ ಗುಡಿಸಲುಗಳಿರಲಿಲ್ಲ. ಯಾದಗಿರಿ ಕಡೆಯವರು ಎಂಬುದಷ್ಟೇ ಗೊತ್ತಿತ್ತು. ಶಾಲೆಯ ದಾಖಲೆಯಲ್ಲಿದ್ದ ವಿಳಾಸ ಆ ಗೋದಾಮಿನದೇ.

ಅಂದಿನಿಂದ ಮೇಡಂ ಅವರು ಕೆಂಪು ಶಾಯಿ ಮುಟ್ಟಿಲ್ಲ. ಪದ್ಯವನ್ನು ಮಗುವಿನ ಬಾಯಿಂದ ಕೇಳದೆ ಅಂಕ ಕೊಟ್ಟಿಲ್ಲ. ಆದರೂ ಅವರಿಗೆ ನೆಮ್ಮದಿಯಿಲ್ಲ. ಎಲ್ಲಿ ಸ್ಲ್ಯಾಬ್ ಹಾಕುತ್ತಿದ್ದರೂ ಬಸ್ಸಿನಿಂದ ಅರ್ಧದಾರಿಯಲ್ಲೇ ಇಳಿಯುತ್ತಾರೆ. ಸಿಕಂದರಾಬಾದಿನಲ್ಲಿ ಬೆಳಿಗ್ಗೆ ಕೂಲಿಯವರು ನೆರೆಯುವ ಅಡ್ಡೆಗಳಲ್ಲಿ ವಿಚಾರಿಸುತ್ತಾರೆ. ಕೋಠಿಯ ಪುಸ್ತಕದಂಗಡಿಗಳಲ್ಲಿ ಸಿಗುವ ಅವರ ಪ್ರಾಸದ ಕೈಪಿಡಿಯ ಮೂರು ಮುದ್ರಣಗಳಲ್ಲೂ ಆ ಹಾಡಿನ ಪುಟವನ್ನು ಕಡೆಯ ಗಳಿಗೆಯಲ್ಲಿ ಹಿಂದಕ್ಕೆ ಪಡೆದಿದ್ದಾರೆ. ಎರಡೇ ಸಾಲು ಹಾಕಿದರೆ ಮತ್ತೊಮ್ಮೆ ಸೊನ್ನೆ ಕೊಟ್ಟಂತೆ ಎಂಬುದು ಅವರ ಹಟ. ಸಹೋದ್ಯೋಗಿ ಕಾಶಿನಾಥರು ಒಮ್ಮೆ, 'ಲ್ಲ' ಇಟ್ಟು ನೀವೇ ಒಂದು ಸಾಲು ಕಟ್ಟಿಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಸಲಹೆ ಕೊಟ್ಟರು.

"ನೂರು ಸಾಲು ಕಟ್ಟತೀನಿ ಕಾಶಿನಾಥ. ಅಕ್ಷರ ನನಗ ಗೊತ್ತೈತಿ. ಬಂಡೆಮ್ಮನ ಸಾಲು ಗೊತ್ತಿಲ್ಲ."

ಈ ಅಭಿನಂದನ ಗ್ರಂಥಕ್ಕೂ ಅವರು ಸುಲಭವಾಗಿ ಒಪ್ಪಲಿಲ್ಲ. ಹೊಗಳಿಕೆಯ ನಡುವೆ ಇದನ್ನೂ ಬರೆಯುವುದಾದರೆ ಮಾತ್ರ ಎಂದು ಷರತ್ತು ಹಾಕಿದರು, ಬರೆದಿದ್ದೇವೆ. ಅವರಿಗೆ ದೀರ್ಘ ಆಯುಸ್ಸಿರಲಿ, ಮೊಣಕಾಲಿನ ನೋವು ಕಡಿಮೆಯಾಗಲಿ, ಅಡ್ಡೆಯಿಂದ ಅಡ್ಡೆಗೆ ತಿರುಗುವ ಆ ಕೆಲಸ ನಿವೃತ್ತಿಯ ನಂತರವೂ ನಡೆಯಲಿ ಎಂದು ಶಾಲೆಯ ಪರವಾಗಿ ಹಾರೈಸುತ್ತೇವೆ.

ಬಂಡೆಮ್ಮ ಸಿಕ್ಕಿಲ್ಲ. ಮೂರನೆಯ ಸಾಲು ಅಚ್ಚಾಗಿಲ್ಲ. ಪ್ರಫುಲ್ಲಾ ಮೇಡಂ ಅವರು ಕೊಟ್ಟ ಮಾತು ನಡೆದಿಲ್ಲ.