ಡಬ್ಬಿಯ ಮೇಲಿನ ಕೂಸು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗಳು ಬದುಕಿದಳು. ಈಗ ಅವಳೇ ಅಜ್ಜಿಯಾಗಿದ್ದಾಳೆ. ಮೈ ಇಳಿಸಬೇಕೆಂದು ದಿನಾ ಬೆಳಿಗ್ಗೆ ಎದ್ದು ನಡೆಯಲು ಹೋಗುತ್ತಾಳೆ. ಬೆವರು ಒರೆಸಿಕೊಳ್ಳುತ್ತ ಅವಳು ವಾಪಸು ಬರುವುದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ನಗು. ಆ ಮೈಗೆ ಒಂದಿಷ್ಟು ಮಾಂಸ ಹತ್ತಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈಮುಗಿದವಳು. ಆದ್ದರಿಂದ ಇದನ್ನು ಓದುವವರು ಎದೆ ಹಿಡಿದುಕೊಂಡು ಕೂರಬೇಕಾಗಿಲ್ಲ. ನಾನು ಕೂತದ್ದೇ ಸಾಕು.

ಹೊಸ ಪೈಸೆ ಬಂದು ಇನ್ನೂ ಕೈಗೆ ಒಗ್ಗಿರದ ಕಾಲವದು. ಧಾರವಾಡದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು, ಕೂಸಿಗೆ ಕುಂಚಿಗೆ ಕಟ್ಟಿ, ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿದ್ದ ಗಂಡನ ಮನೆಗೆ ಬಂದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗಂಡ, ಅವರ ತಾಯಿ, ನಾನು, ಕೂಸು. ಇಷ್ಟೇ ಸಂಸಾರ. ನಾನು ಮ್ಯಾಟ್ರಿಕ್ ಪಾಸಾದವಳು, ಓದುವ ಚಟ ಬೇರೆ. ನಮ್ಮವರು ತರುತ್ತಿದ್ದ ವಾರಪತ್ರಿಕೆಯ ಕಥೆ, ಧಾರಾವಾಹಿಗಳೆಲ್ಲ ಮುಗಿದ ಮೇಲೆ ಜಾಹೀರಾತುಗಳನ್ನೂ ಬಿಡುತ್ತಿರಲಿಲ್ಲ. ಕೂಸಿಗೆ ಹಾಲು ಕುಡಿಸುತ್ತ ಒಂದು ಕೈಯಲ್ಲಿ ಪತ್ರಿಕೆ ಹಿಡಿದು ಓದುವುದು ನನ್ನ ದೊಡ್ಡ ಸುಖವಾಗಿತ್ತು.

ಹಾಗೆ ಕುಡಿಸುತ್ತಿದ್ದಾಗಲೇ ಆ ಜಾಹೀರಾತು ಕಣ್ಣಿಗೆ ಬಿತ್ತು. ಹಾಲಿನ ಪುಡಿಯ ಒಂದು ಡಬ್ಬಿ, ಡಬ್ಬಿಯ ಮೇಲೆ ಗುಂಡು ಗುಂಡಾದ ಒಂದು ಕೂಸು, ಪಕ್ಕದಲ್ಲಿ ಬಿಳಿ ಕೋಟಿನ ಡಾಕ್ಟರ. ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಪ್ರಶ್ನೆ: ತಾಯಿ, ನಿಮ್ಮ ಹಾಲು ನಿಮ್ಮ ಮಗುವಿಗೆ ಸಾಕಾಗುತ್ತಿದೆಯೇ? ಕೆಳಗೆ ಲಕ್ಷಣಗಳು. ಮಗು ನಿದ್ದೆಯಿಂದ ಎದ್ದು ಅಳುತ್ತದೆಯೇ? ಮುಷ್ಟಿ ಚೀಪುತ್ತದೆಯೇ? ಕುಡಿದ ಸ್ವಲ್ಪ ಹೊತ್ತಿಗೆ ಮತ್ತೆ ಬೇಡುತ್ತದೆಯೇ? ಅಯ್ಯ, ನನ್ನ ಕೂಸು ಇವೆಲ್ಲವನ್ನೂ ಮಾಡುತ್ತಿತ್ತು. ಜಗತ್ತಿನ ಯಾವ ಕೂಸು ಮಾಡುವುದಿಲ್ಲ ಎಂದು ಇವತ್ತು ಕೇಳಿಯೇನು. ಅವತ್ತು ಮಡಿಲಲ್ಲಿದ್ದ ಕೂಸನ್ನೊಮ್ಮೆ, ಡಬ್ಬಿಯ ಕೂಸನ್ನೊಮ್ಮೆ ನೋಡಿದೆ. ನನ್ನದು ತಂದೆಯ ಹಾಗೆ ಸಣ್ಣ ಎಲುಬಿನದು.  ಆ ಜಾಹೀರಾತು ಒಂದು ಸುಳ್ಳನ್ನಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಅದು ಏನೂ ಹೇಳಲಿಲ್ಲ, ಬರೇ ಕೇಳಿತು. ಉಳಿದದ್ದನ್ನು ನಾನೇ ನನಗೆ ಹೇಳಿಕೊಂಡೆ.

ನಮ್ಮವರಿಗೆ ತೋರಿಸಿದೆ. ಅವರು ಪ್ರಶ್ನೆಯನ್ನು ನೋಡಲೇ ಇಲ್ಲ, ಡಾಕ್ಟರನ ಕೋಟು ನೋಡಿದರು. ಶಾಸ್ತ್ರೀಯವಾಗಿದೆ ಎಂದು ಮರುದಿನವೇ ಡಬ್ಬಿಯನ್ನೂ ದೋಣಿಯಂಥ ಗಾಜಿನ ಬಾಟಲಿಯನ್ನೂ ತಂದರು. ಅತ್ತೆಗೆ ಓದಲು ಬರುತ್ತಿರಲಿಲ್ಲ, ಅವರಾದರೂ ತಡೆದಾರು ಎಂದುಕೊಂಡಿದ್ದೆ. ಅವರು ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ದೊಡ್ಡ ಆಫೀಸರರ ಮನೆಗಳಲ್ಲಿ ಇದನ್ನೇ ಹಾಕುತ್ತಾರಂತೆ ಎಂದು, ಬೀದಿಯಿಂದ ಕಾಣುವ ಹಾಗೆ ಪಡಸಾಲೆಯ ಗೋಡೆಯ ಮಾಡದಲ್ಲಿಟ್ಟರು. ಬಂದವರಿಗೆಲ್ಲ ಅದರ ಬೆಲೆ ಹೇಳುವುದೇ ಹೇಳುವುದು. ಒಂದೇ ಗಾಳದಲ್ಲಿ ಮೂರು ಕೊಕ್ಕೆ. ನಾವು ಮೂವರೂ ಒಂದೊಂದನ್ನು ಕಚ್ಚಿಕೊಂಡೆವು.

ಮುಂದಿನದು ತಾನಾಗಿ ನಡೆಯಿತು. ಬಾಟಲಿ ಸಲೀಸು, ಸುಮ್ಮನೆ ಹಿಡಿದರೆ ಬಾಯಿಗೆ ಸುರಿಯುತ್ತದೆ. ರುಚಿ ಕಂಡ ಕೂಸು ಎದೆಗೆ ಬಾಯಿ ಹಾಕಲು ಒಲ್ಲದೆ ಕೊಸರಾಡತೊಡಗಿತು. ಹಾಕದಿದ್ದ ಮೇಲೆ ಎದೆ ಬತ್ತತೊಡಗಿತು. ಈಗ ನೋಡಿ, ನನ್ನ ಹಾಲು ನಿಜವಾಗಿಯೂ ಸಾಲದಾಯಿತು. ಇತ್ತ ಅತ್ತೆಗೆ ಇನ್ನೊಂದು ಚಿಂತೆ. ಪುಡಿಯ ಹಾಲು ಗಟ್ಟಿ, ಗಟ್ಟಿ ಅಂದರೆ ಜಡ, ಎಳೆಯ ಹೊಟ್ಟೆಗೆ ತಡೆಯದು. ಗಂಜಿಯನ್ನು ತಿಳಿ ಮಾಡುವ ಹಾಗೆ ಅವರು ಅದನ್ನೂ ತಿಳಿ ಮಾಡಿದರು. ಕೂಸು ಭೇದಿ ಮಾಡಿಕೊಂಡಿತು. ಜಡವಾಯಿತು ಎಂದು ಇನ್ನಷ್ಟು ನೀರು ಬೆರೆಸಿದರು. ಪ್ರೀತಿಯಿಂದಲೇ ಬೆರೆಸಿದರು, ಅದರಲ್ಲಿ ಸಂಶಯವಿಲ್ಲ. ನೆತ್ತಿಯ ಕುಳಿ ಒಳಗೆ ಹೋಯಿತು. ತೊಡೆಯ ಚರ್ಮ ಮುದುಕಿಯದರಂತೆ ಸುಕ್ಕುಗಟ್ಟಿತು. ಅಳುವ ದನಿಯೂ ಬೆಕ್ಕಿನ ಮರಿಯದಷ್ಟಾಯಿತು. ಸರಕಾರಿ ದವಾಖಾನೆಯಲ್ಲಿ ಕೊಟ್ಟ ಗುಲಾಬಿ ಬಣ್ಣದ ಔಷಧಿಯಿಂದ ಭೇದಿ ನಿಂತಿತು, ಕೂಸು ಮಾತ್ರ ಬೆಳೆಯಲಿಲ್ಲ. ಇದು ನನ್ನ ಕೈಗೆ ಉಳಿಯುವುದಿಲ್ಲ ಎಂಬ ಮಾತು ನನ್ನ ತಲೆಯೊಳಗೆ ಹೊಕ್ಕು ಕೂತಿತು. ಯಾರ ಮುಂದೆಯೂ ಆಡಲಿಲ್ಲ.

ಆಗ ಒಂದು ದಿನ ಧ್ವನಿವರ್ಧಕ ಕಟ್ಟಿದ ಟಾಂಗಾ ನಮ್ಮ ಓಣಿಯಲ್ಲಿ ಕೂಗುತ್ತ ಹೋಯಿತು. ಆ ಹಾಲಿನ ಪುಡಿಯವರೇ ಹುಬ್ಬಳ್ಳಿಯ ಪೇಟೆಯಲ್ಲಿ ದಷ್ಟಪುಷ್ಟ ಕೂಸುಗಳ ಸ್ಪರ್ಧೆ ನಡೆಸುತ್ತಾರಂತೆ, ಬಂದ ತಾಯಂದಿರಿಗೆ ಸಲಹೆ ಪುಕ್ಕಟೆಯಂತೆ. ಸ್ಪರ್ಧೆ ಯಾರಿಗೆ ಬೇಕಾಗಿತ್ತು? ಜಾಹೀರಾತಿನ ಡಾಕ್ಟರ ಸಿಗುತ್ತಾನೆ, ಕಾಲು ಹಿಡಿದು ಕೇಳುತ್ತೇನೆ ಎಂದು ಅತ್ತೆಯನ್ನು ಕರೆದುಕೊಂಡು ಹೊರಟೆ.

ಪೆಂಡಾಲಿನ ತುಂಬ ಕೂಸುಗಳು, ಕಾಡಿಗೆಯ ಬೊಟ್ಟುಗಳು, ಅಳು. ಡಾಕ್ಟರ ಇರಲಿಲ್ಲ. ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಣ್ಣುಮಗಳು ಮೇಜಿನ ಹಿಂದೆ ಕೂತಿದ್ದಳು. ಅವಳ ಮಾತು ಕೇಳಿ ನನ್ನ ಜೀವ ತಂಪಾಯಿತು. ನನ್ನ ತವರಿನ ಓಣಿಯ ಮಾತು, ಅಚ್ಚ ಧಾರವಾಡದ್ದು, ಬರ್ರಿ, ಕೂಡ್ರಿ, ಹಿಂಗ್ಯಾಕ ಸೊರಗೀರಿ ಎಂಬ ಅಕ್ಕರೆ. ಅಷ್ಟಕ್ಕೇ ನಾನು ಕರಗಿಹೋದೆ, ಎಲ್ಲ ಹೇಳಿಕೊಂಡೆ. ಅವಳು ಕೂಸಿನ ಅರಿವೆ ಬಿಚ್ಚಿ ನೋಡಲಿಲ್ಲ. ಇನ್ನೊಂದು ಹೊಸ ಡಬ್ಬಿ ತೋರಿಸಿ ಇದನ್ನು ಸುರುಮಾಡಿ ಎಂದಳು. ನಿಮ್ಮ ದವಾಖಾನೆ ಎಲ್ಲಿ ಎಂದು ಕೇಳಿದ್ದಕ್ಕೆ ನಕ್ಕು, ತಾನು ಡಾಕ್ಟರಲ್ಲ, ಕಂಪನಿಯವಳು ಎಂದಳು. ಮಾತು ಮಾತ್ರ ಅಷ್ಟೇ ಸಿಹಿ. ನಾನು ಎದ್ದುಬಿಟ್ಟೆ.

ಮೂಲೆಯಲ್ಲೊಂದು ಪರದೆ ಕಟ್ಟಿದ್ದರು. ಕೂಸು ಅಳುತ್ತಿತ್ತೆಂದು ಅತ್ತೆ, ನಾನು ಅದರ ಹಿಂದೆ ಹೋಗಿ ಕೂತೆವು. ಸ್ವಲ್ಪ ಹೊತ್ತಿಗೆ ಮೊದಲ ಬಹುಮಾನ ಗೆದ್ದ ಕೂಸಿನ ತಾಯಿ ಒಳಗೆ ಬಂದಳು. ಅರಳೆ ವ್ಯಾಪಾರಿಯೊಬ್ಬರ ಮನೆಯ ಸೊಸೆ, ನನ್ನದೇ ವಯಸ್ಸು. ಆಗಷ್ಟೇ ಅವಳ ಕೂಸಿನ ತೋಳಲ್ಲಿ ಡಬ್ಬಿ ಕೊಟ್ಟು ಫೋಟೋ ತೆಗೆದಿದ್ದರು. ಆ ಫೋಟೋ ಮುಂದೆ ನಮ್ಮ ವಾರಪತ್ರಿಕೆಯಲ್ಲೇ ಬಂತು, ಈ ಮಗುವಿನ ಪುಷ್ಟಿಯ ಗುಟ್ಟೇನು ಎಂಬ ಪ್ರಶ್ನೆಯೊಂದಿಗೆ. ಅವಳು ಕೂತವಳೇ ಸೆರಗು ಮರೆಮಾಡಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಬಹುಮಾನದ ಡಬ್ಬಿಗಳನ್ನು ನನ್ನ ಕಡೆ ಸರಿಸಿ, ನನ್ನ ಕೈಯಲ್ಲಿದ್ದ ಬಾಟಲಿ ಕಂಡು, ಸಂಕೋಚದಿಂದ ಕೇಳಿದಳು.

“ಇದನ್ನ ಎಷ್ಟು ಚಮಚಾ ಹಾಕತೀರ್ರಿ ನೀವು? ನಾ ಇನ್ನೂ ಒಮ್ಮೆನೂ ಹಾಕಿಲ್ಲರಿ. ಇನ್ನ ಮ್ಯಾಲೆ ಇದನ್ನ ಕುಡಿಸ್ರಿ ಅಂದಾರ ಕಂಪನಿಯವರು. ನನ್ನ ಹಾಲು ಸಾಲೂದಿಲ್ಲಂತ.”

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಗೆದ್ದ ಕೂಸು ಎದೆಯಲ್ಲೇ ಇದೆ, ಗೆಲ್ಲಿಸಿದ ಹಾಲು ಅದರ ಬಾಯಿಂದ ಸೋರುತ್ತಿದೆ, ಈ ಪುಣ್ಯಾತ್ಮಳಿಗೂ ಅದೇ ಅನುಮಾನ! ತನ್ನ ಕೂಸಿನ ಜಾಹೀರಾತನ್ನು ತಾನೇ ನಂಬಿ ಕೂತಿದ್ದಳು. ನಾನು ನನ್ನ ಕೂಸಿನ ಅರಿವೆಯನ್ನು ಪೂರ್ತಿ ಬಿಚ್ಚಿ ಅವಳ ಮುಂದೆ ಹಿಡಿದೆ.

“ಇದು ಡಬ್ಬೀ ಕೂಸು ನೋಡ್ರಿ. ಕಣ್ಣು ತುಂಬ ನೋಡಿ, ಆಮ್ಯಾಲೆ ಹಾಕ್ರಿ.”

ಅವಳು ನೋಡಿದಳು.  ತನ್ನ ಕೂಸನ್ನು ಎತ್ತಿ ಅತ್ತೆಯ ಮಡಿಲಲ್ಲಿಟ್ಟು, ನನ್ನ ಕೈಯಿಂದ ನನ್ನದನ್ನು ತೆಗೆದುಕೊಂಡು ಎದೆಗೆ ಹಿಡಿದಳು. ನಮ್ಮತ್ತೆ ಗುರುತಿಲ್ಲದವರ ಮನೆಯಲ್ಲಿ ನೀರು ಕೂಡ ಮುಟ್ಟದವರು. ನಾನು ಹೆದರಿ ಅವರ ಮುಖ ನೋಡಿದೆ.

“ಕುಡೀಲಿ ಬಿಡು,” ಅಂದರು ಅತ್ತೆ.

ಮೊದಲು ಕೂಸು ಮುಖ ತಿರುಗಿಸಿ ಅತ್ತಿತು. ಆಮೇಲೆ ಹಾಲಿನ ವಾಸನೆ ಹತ್ತಿ ಬಾಯಿ ಹಾಕಿತು ನೋಡಿ, ಪುಟ್ಟ ಕಾಲಿನ ಬೆರಳುಗಳೆಲ್ಲ ಮುದುಡಿಕೊಂಡು, ಹಣೆ ಬೆವರಿ, ಬಿಡಲೊಲ್ಲದು. ಆ ಹೆಣ್ಣುಮಗಳು ನನ್ನ ಕಡೆ ತಿರುಗಿ, “ಇದಕ್ಕ ಜಡ್ಡಿಲ್ಲರಿ. ಹಸದೇತಿ,” ಎಂದಳು.

ಹಸಿದಿದೆ. ಇಷ್ಟೇ. ಸಾಯಲು ಹತ್ತಿಲ್ಲ, ಯಾರ ದೃಷ್ಟಿಯೂ ತಾಗಿಲ್ಲ, ನನ್ನ ಹಣೆಬರಹವೂ ಅಲ್ಲ. ಆ ಒಂದು ಮಾತಿಗೆ ನಾನು ಪೆಂಡಾಲಿನ ಕಂಬ ಹಿಡಿದುಕೊಂಡೆ. ಅವಳು ಹೋಗುವಾಗ ಬಹುಮಾನದ ಡಬ್ಬಿಗಳನ್ನು ಅಲ್ಲೇ ಬಿಟ್ಟು ಹೋದಳು. ಅವಳ ಹೆಸರು ಕೇಳಲೂ ನನಗೆ ಹೊಳೆಯಲಿಲ್ಲ, ಮತ್ತೆಂದೂ ಅವಳನ್ನು ನೋಡಲಿಲ್ಲ.

ಅತ್ತೆ ಮನೆಗೆ ಬಂದವರೇ ಮಾಡದಲ್ಲಿದ್ದ ಡಬ್ಬಿ ತೆಗೆದು ಒಳಗಿಟ್ಟರು. ಒಮ್ಮೆಲೇ ಬಿಡುವಂತಿರಲಿಲ್ಲ, ನನ್ನಲ್ಲಿ ಹಾಲಿರಬೇಕಲ್ಲ! ಮೊದಲು ಎದೆಗೆ ಹಚ್ಚುವುದು, ಆಮೇಲೆ ಬಾಟಲಿ, ಅದೂ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ. ನಮ್ಮವರೇ ನಿಂತು ಅಳೆಯುತ್ತಿದ್ದರು. ಅತ್ತೆ ಅಳವಿ ಬೀಜದ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿಯ ಖಾರ ಎಂದು ಬಾಣಂತನವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿದರು. ಕೂಸು ಬರಿದಾದ ಎದೆಯನ್ನು ಕಚ್ಚಿ ಎಳೆದು ಚೀರುತ್ತಿತ್ತು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಹಾಲು ಬರುತ್ತಿರಲಿಲ್ಲ. ಬೆನ್ನಿಗೆ ಬಿಸಿನೀರು ಹಾಕುತ್ತ ಅತ್ತೆ, ಇನ್ನೊಂದಿಷ್ಟು ದಿನ ತಾಳು ಎನ್ನುತ್ತಿದ್ದರು. ಎಷ್ಟು ದಿನ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ನನ್ನ ಹಿಂದೆ ನಿಂತವಳ ಬಗಲಲ್ಲಿದ್ದ ಕೂಸು ಎದ್ದು ಅಳತೊಡಗಿತು. ಗಿರಣಿಯ ಗದ್ದಲದಲ್ಲೂ ಆ ಅಳು ನನಗೆ ಚೆನ್ನಾಗಿ ಕೇಳಿತು. ಎದೆಯಲ್ಲಿ ಇರುವೆ ಹರಿದ ಹಾಗೆ ಚುಮುಚುಮು ಎಂದಿತು. ಬಗ್ಗಿ ನೋಡುತ್ತೇನೆ, ಕುಪ್ಪಸದ ಎರಡೂ ಕಡೆ ತೋಯ್ದಿದೆ. ಗಿರಣಿಯವನು ನೋಡಿದ, ಸಾಲಿನಲ್ಲಿದ್ದವರೆಲ್ಲ ನೋಡಿದರು. ಸೆರಗು ಮುಚ್ಚಿಕೊಳ್ಳುವ ನೆನಪೂ ಬರಲಿಲ್ಲ. ಜೋಳದ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದೆ.

ಕೂಸು ಕುಡಿಯಿತು. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೂ ಕುಡಿಯಿತು. ಆಮೇಲೆ ಬಾಯಿ ತಾನೇ ಸಡಿಲಾಗಿ, ತುಟಿಯ ಮೂಲೆಯಲ್ಲಿ ಹಾಲಿಟ್ಟುಕೊಂಡೇ ನಿದ್ದೆಹೋಯಿತು. ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ ಹತ್ತಿರ ಬಂದು, ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದರು.

“ಹೊಟ್ಟಿ ತುಂಬೇತಿ,” ಎಂದು ಹೇಳಿ, ಅಲ್ಲೇ ನೆಲಕ್ಕೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತರು. ನನಗೆ ಅಳು ಬರಲಿಲ್ಲ. ಎಷ್ಟೋ ದಿನಗಳಿಂದ ಇಲ್ಲದ ಹಸಿವು ಬಂದಿತ್ತು. ಹಿಟ್ಟು ಗಿರಣಿಯಲ್ಲಿತ್ತು, ಹಿಂದಿನ ದಿನದ ಎರಡು ಕಟಕ ರೊಟ್ಟಿ ಉಳಿದಿದ್ದವು. ಅವನ್ನೇ ಶೇಂಗಾ ಚಟ್ನಿ ಹಚ್ಚಿ ಕೊಡಿ ಎಂದೆ. ಕೂಸನ್ನು ಮಡಿಲಿನಿಂದ ಇಳಿಸದೆ, ಅತ್ತೆ ಮುರಿದು ಮುರಿದು ಬಾಯಿಗಿಟ್ಟಂತೆಲ್ಲ ಎರಡನ್ನೂ ತಿಂದು ಮುಗಿಸಿದೆ.